ಸಿಕ್ಕ ವಿಕೆಟ್ಟು ಯಾರದ್ದು?

ನಮ್ಮ ಗೋಪಾಳ ಬಡಾವಣೆಯಲ್ಲಿ ಜಿಮ್ನಾಸ್ಟಿಕ್ಸ್ ತಿಳಿದವರನ್ನು ಹುಡುಕಬೇಕು. ಒಲಿಂಪಿಕ್ಸ್ ಬಂದಾಗ ನೋಡುತ್ತೇವೆ, 2016ರಲ್ಲಿ ದೀಪಾ ಕರ್ಮಾಕರ್ ರಿಯೊದಲ್ಲಿ 0.150 ಅಂಕದಿಂದ ಕಂಚು ಕಳೆದುಕೊಂಡಾಗ ಹೊಟ್ಟೆ ಉರಿಸಿಕೊಂಡಿದ್ದೇವೆ, ಅಷ್ಟೆ. ಆದರೂ 2024ರ ಆಗಸ್ಟ್ ತಿಂಗಳಲ್ಲಿ ಪ್ಯಾರಿಸ್ಸಿನ ಒಂದು ವಿಡಿಯೊ ಇಲ್ಲಿನವರ ಮೊಬೈಲುಗಳಲ್ಲೂ ಸಾಕಷ್ಟು ಓಡಾಡಿತು. ರೊಮೇನಿಯಾದ ಆನಾ ಬರ್ಬೊಸು ಎಂಬ ಹುಡುಗಿ ದೇಶದ ಬಾವುಟ ಹಿಡಿದು ಸಂಭ್ರಮಿಸುತ್ತಿದ್ದಾಳೆ. ತಲೆಯೆತ್ತಿ ಅಂಕದ ಫಲಕ ನೋಡುತ್ತಾಳೆ. ಕೈಯಲ್ಲಿದ್ದ ಬಾವುಟ ನೆಲಕ್ಕೆ ಬೀಳುತ್ತದೆ, ಅವಳು ಬಾಯಿ ಮುಚ್ಚಿಕೊಂಡು ಅಳುತ್ತಾ ಹೊರಗೆ ನಡೆಯುತ್ತಾಳೆ.

ನಡೆದದ್ದು ಇಷ್ಟು. ಅದು ಆಗಸ್ಟ್ 5ರ ಫ್ಲೋರ್ ಎಕ್ಸರ್‌ಸೈಜ್ ಫೈನಲ್. ಬ್ರೆಜಿಲ್‌ನ ರೆಬೆಕಾ ಆಂಡ್ರಾಡೆಗೆ ಚಿನ್ನ, ಅಮೆರಿಕದ ಸಿಮೋನ್ ಬೈಲ್ಸ್‌ಗೆ ಬೆಳ್ಳಿ. ಕಂಚಿನ ಜಾಗದಲ್ಲಿ 13.700 ಅಂಕದೊಂದಿಗೆ ಬರ್ಬೊಸು. ಕೊನೆಯಲ್ಲಿ ಆಡಿದ ಅಮೆರಿಕದ ಜೋರ್ಡನ್ ಚೈಲ್ಸ್‌ಗೆ ಮೊದಲು ಬಂದದ್ದು 13.666. ಒಂದು ಕಸರತ್ತಿನ ಕಠಿಣತೆಗೆ ಸಲ್ಲಬೇಕಾದ ಅಂಕ ಕೊಟ್ಟಿಲ್ಲವೆಂದು ಅವಳ ಕೋಚ್ ಆಕ್ಷೇಪಣೆ ಸಲ್ಲಿಸಿದರು. ತೀರ್ಪುಗಾರರು ಮತ್ತೆ ನೋಡಿ 0.1 ಸೇರಿಸಿದರು. ಚೈಲ್ಸ್ 13.766ಕ್ಕೆ ಏರಿದಳು, ಕಂಚು ಅವಳದಾಯಿತು. ಐದು ದಿನ ಕಳೆದು ಕ್ರೀಡಾ ನ್ಯಾಯಮಂಡಳಿ ಹೇಳಿತು: ಆಕ್ಷೇಪಣೆಗೆ ಇದ್ದ ಕಾಲಾವಕಾಶ ಒಂದು ನಿಮಿಷ, ಕೋಚ್ ಬಂದದ್ದು ಒಂದು ನಿಮಿಷ ನಾಲ್ಕು ಸೆಕೆಂಡಿಗೆ. ಹಾಗಾಗಿ ಸೇರಿಸಿದ ಅಂಕ ರದ್ದು. ಕಂಚಿನ ಪದಕ ಬುಕಾರೆಸ್ಟಿನಲ್ಲಿ ಬರ್ಬೊಸು ಕೊರಳಿಗೆ ಬಿತ್ತು. ಚೈಲ್ಸ್ ಕಡೆಯವರು ಸ್ವಿಟ್ಜರ್ಲೆಂಡಿನ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು.

ಇನ್ನೊಬ್ಬಳನ್ನು ಎಲ್ಲರೂ ಮರೆಯುತ್ತಾರೆ. ಅದೇ ರೊಮೇನಿಯಾದ ಸಬ್ರಿನಾ ವೊಯ್ನಿಯಾಗೂ 13.700 ಬಂದಿತ್ತು. ಗೆರೆ ದಾಟಿದಳೆಂದು ಅವಳ ಲೆಕ್ಕದಲ್ಲಿ 0.1 ಕಳೆದಿದ್ದರು. ದಾಟಿಲ್ಲ, ವಿಡಿಯೊ ನೋಡಿ ಎಂದು ಅವಳ ಕಡೆಯವರು ವಾದಿಸಿದರು, ನ್ಯಾಯಮಂಡಳಿ ಆ ಅರ್ಜಿ ತಳ್ಳಿಹಾಕಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವು ಎಷ್ಟು ಸಲೀಸಾಗಿ ಆಡಿಬಿಡುತ್ತೇವೆ! ಆ ಗಾದೆ ಕಟ್ಟಿದವರು ಒಂದು ಸಲವಾದರೂ ಬಗ್ಗಿ ನೆಲ ನೋಡಿದ್ದರೋ ಇಲ್ಲವೋ. ಕೆಲವೊಮ್ಮೆ ಕುಣಿದವಳು ಚೆನ್ನಾಗಿಯೇ ಕುಣಿದಿರುತ್ತಾಳೆ.

ಆ ವಾರ ಅಭಿಮಾನಿಗಳು ಮಾಡಿದ್ದು ನೋಡುವಂತಿರಲಿಲ್ಲ. ಚೈಲ್ಸ್‌ಗೆ ಅವಳ ಮೈಬಣ್ಣ ಎತ್ತಿ ಬೈದರು. ಬರ್ಬೊಸುಗೆ ಕಳ್ಳಿ ಎಂದರು. ಇಬ್ಬರಲ್ಲಿ ಯಾರೂ ಅಂಕ ಹಾಕಿದವರಲ್ಲ, ಗಡಿಯಾರ ಹಿಡಿದು ನಿಂತವರೂ ಅಲ್ಲ. ಇಷ್ಟಾದರೂ ಅಂಕಣಕ್ಕೆ ಹತ್ತಿರವಿದ್ದವರ ನಡತೆ ಬೇರೆಯೇ ಇತ್ತು. ಕಂಚನ್ನು ಮೂವರಿಗೂ ಹಂಚಿ ಎಂದು ಕೇಳಿದ್ದು ರೊಮೇನಿಯಾದ ಒಕ್ಕೂಟ. ನಿಯಮ ಬಿಟ್ಟು ನ್ಯಾಯಬುದ್ಧಿಯಿಂದ ತೀರ್ಮಾನಿಸುವ ಅಧಿಕಾರ ತನಗಿದ್ದಿದ್ದರೆ ಮೂವರಿಗೂ ಕೊಡುತ್ತಿದ್ದೆ ಎಂಬ ಅರ್ಥದ ಮಾತನ್ನು ನ್ಯಾಯಮಂಡಳಿಯೇ ತನ್ನ ತೀರ್ಪಿನಲ್ಲಿ ಬರೆದಿದೆ. ಬರ್ಬೊಸು ಉಳಿದಿಬ್ಬರ ಬಗ್ಗೆ ಮರುಕದಿಂದಲೇ ಮಾತಾಡಿದಳು. ಹಂಚಿಕೊಳ್ಳಲು ಆಗದೆ ಹೋದದ್ದು ಸಾವಿರಾರು ಮೈಲಿ ದೂರ ಕೂತವರಿಗೆ.

ನಾವೇನು ಕಡಿಮೆಯೇ? ಅದೇ ದಿನಗಳಲ್ಲಿ ಅದೇ ನ್ಯಾಯಮಂಡಳಿಯ ಮುಂದೆ ವಿನೇಶ್ ಫೋಗಟ್ ಪ್ರಕರಣವೂ ಇತ್ತು. 50 ಕಿಲೊ ತೂಕದ ಕುಸ್ತಿಯ ಫೈನಲ್ಲಿಗೆ ಮುಂಚೆ 100 ಗ್ರಾಂ ಹೆಚ್ಚಾಗಿ ಅನರ್ಹಳಾದಳು. ಆಗಸ್ಟ್ 14ರಂದು ಅವಳ ಮನವಿ ತಿರಸ್ಕೃತವಾಯಿತು. ಗೋಪಾಳದ ಚಹಾದಂಗಡಿಯಲ್ಲಿ ಆ ಸಂಜೆ ಕೇಳಿದ್ದು: "ನೂರು ಗ್ರಾಂ ಅಂದ್ರೆ ಎಂತ ಮಾರಾಯ್ರೆ, ಒಂದು ಲೋಟ ನೀರೂ ಅಲ್ಲ. ಮನುಷ್ಯತ್ವ ಬೇಡ್ವ ಅವ್ರಿಗೆ?" ಅದಕ್ಕೆ ಎರಡು ದಿನ ಮೊದಲು ಅದೇ ಬೆಂಚಿನಲ್ಲಿ ಅಮೆರಿಕದ ಹುಡುಗಿಯ ನಾಲ್ಕು ಸೆಕೆಂಡಿನ ಮಾತು ಬಂದಾಗ ಅದೇ ಬಾಯಿ ಹೇಳಿದ್ದು: "ರೂಲ್ಸ್ ಅಂದ್ಮೇಲೆ ರೂಲ್ಸ್. ಟೈಮಿಗೆ ಸರಿಯಾಗಿ ಬರ್ಬೇಕಿತ್ತು." ನಾನು ಅವರನ್ನು ಹಂಗಿಸಲು ಇದನ್ನು ಬರೆಯುತ್ತಿಲ್ಲ. ನನ್ನ ತಲೆಯೂ ಎರಡೂ ಸಲ ಹೌದೌದೆಂದು ಆಡಿತ್ತು.

ತಪ್ಪು ತೀರ್ಪಿನ ಮೇಲೆ ಸಿಟ್ಟಾಗುವುದು ನ್ಯಾಯಪ್ರಜ್ಞೆ ಎಂದು ನಾವು ನಂಬಿದ್ದೇವೆ. ನನಗೆ ಅನುಮಾನ. ಸೋತ ಕಡೆಯವನಿಗೆ ತಪ್ಪು ತೀರ್ಪು ಕಾಣಿಸುವುದರಲ್ಲಿ ವಿಶೇಷವೇನಿಲ್ಲ, ಅವನ ಕಣ್ಣಿಗೆ ಸರಿಯಾದ ತೀರ್ಪೂ ತಪ್ಪಾಗಿಯೇ ಕಂಡೀತು. ತಪ್ಪಿನಿಂದ ಲಾಭವಾದವನಿಗೆ ಅದು ಕಾಣಿಸುತ್ತದೆಯೇ, ಕಂಡರೂ ಬಾಯಿ ಬಿಡುತ್ತಾನೆಯೇ? ನ್ಯಾಯಪ್ರಜ್ಞೆಯನ್ನು ತೂಗಬೇಕಾದದ್ದು ಅಲ್ಲಿ. ಹಾಗೆ ಬಾಯಿಬಿಟ್ಟವರ ಉದಾಹರಣೆ ಬೇಕೆಂದರೆ ಗೋಪಾಳದಿಂದ ದೂರ ಹೋಗಬೇಕಾಗಿಲ್ಲ. ಭದ್ರಾವತಿ ಬಸ್ಸು ಹತ್ತಿದರೆ ಸಾಕು.

ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು 1949ರಲ್ಲಿ, ಭದ್ರಾವತಿಯಲ್ಲಿ. ಕಬ್ಬಿಣದ ಕಾರ್ಖಾನೆಯ ಸೈರನ್ನಿಗೆ ಎದ್ದು ಮಲಗುತ್ತಿದ್ದ ಊರು ಅದು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ವಿರುದ್ಧ ಆಡಿದ ಮೊದಲ ಟೆಸ್ಟ್‌ನಲ್ಲೇ ಮೊದಲು ಸೊನ್ನೆ, ಆಮೇಲೆ 137. ಒಟ್ಟು 91 ಟೆಸ್ಟ್, 14 ಶತಕ. ಆ ಸ್ಕ್ವೇರ್ ಕಟ್ ನೋಡಿದವರು ಇಂದಿಗೂ ಅದನ್ನು ಬಾಯಲ್ಲಿ ಹೇಳಲಾಗದೆ ಕೈಯಲ್ಲಿ ಬೀಸಿ ತೋರಿಸುತ್ತಾರೆ. ಆದರೆ ನಾನು ಹೇಳಹೊರಟದ್ದು ಅವರು ಬ್ಯಾಟು ಹಿಡಿಯದೆ ಸ್ಲಿಪ್ಪಿನಲ್ಲಿ ನಿಂತಿದ್ದ ಹೊತ್ತಿನ ಕತೆ.

1980ರ ಫೆಬ್ರುವರಿ. ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ನೆನಪಿಗೆ ಇಂಗ್ಲೆಂಡ್ ಜತೆ ಒಂದೇ ಒಂದು ಟೆಸ್ಟ್, ಬೊಂಬಾಯಿಯ ವಾಂಖೆಡೆಯಲ್ಲಿ. ಪಂದ್ಯದ ಎರಡನೇ ದಿನ, ಫೆಬ್ರುವರಿ 16, ಆಟಕ್ಕೆ ರಜೆ. ಅಂದು ಸಂಪೂರ್ಣ ಸೂರ್ಯಗ್ರಹಣ. ಕಾರವಾರದಿಂದ ಹುಬ್ಬಳ್ಳಿ, ಗದಗ, ರಾಯಚೂರಿನವರೆಗೆ ಹಗಲಲ್ಲೇ ಕತ್ತಲೆ ಕವಿದ ದಿನ ಅದು, ನಮ್ಮ ಕಡೆ ಕಿಟಕಿ ಬಾಗಿಲು ಹಾಕಿಕೊಂಡು ಕೂತವರು ಎಷ್ಟೋ ಮಂದಿ. ಗ್ರಹಣ ಕಳೆದ ಮೇಲೆ ಆಟ ಮುಂದುವರಿಯಿತು. ಭಾರತ ಮೊದಲ ಇನಿಂಗ್ಸಿನಲ್ಲಿ 242. ಇಂಗ್ಲೆಂಡ್ 58ಕ್ಕೆ 5. ಇಯಾನ್ ಬೋಥಮ್ ಜತೆ ವಿಕೆಟ್ ಕೀಪರ್ ಬಾಬ್ ಟೇಲರ್ ಸೇರಿಕೊಂಡು ನಿಧಾನಕ್ಕೆ ಬೇರು ಬಿಡತೊಡಗಿದರು. ಆಗ ಕಪಿಲ್ ದೇವ್ ಎಸೆತ. ಟೇಲರ್ ಬ್ಯಾಟಿನ ಪಕ್ಕದಲ್ಲಿ ಹಾದ ಚೆಂಡು ನಮ್ಮ ಕೀಪರ್ ಕಿರ್ಮಾನಿ ಕೈಸೇರಿತು. ಅಪೀಲು. ಅಂಪೈರ್ ಹನುಮಂತರಾವ್ ಬೆರಳೆತ್ತಿದರು.

ಟೇಲರ್ ಕದಲಲಿಲ್ಲ. ತಾಗಿಲ್ಲ ಎಂಬುದು ಅವರ ಮುಖದಲ್ಲೇ ಇತ್ತು. ಮೊದಲ ಸ್ಲಿಪ್ಪಿನಲ್ಲಿದ್ದ ನಾಯಕ ವಿಶ್ವನಾಥ್‌ಗೂ ತಾಗಿಲ್ಲವೆಂಬುದು ಖಾತ್ರಿ. ಅವರು ಅಂಪೈರ್ ಬಳಿ ಹೋಗಿ ತೀರ್ಪು ವಾಪಸು ತೆಗೆದುಕೊಳ್ಳಿ ಎಂದು ಕೇಳಿಕೊಂಡರು. ಟೇಲರ್ ಆಟ ಮುಂದುವರಿಸಿದರು. ಬೋಥಮ್ ಜತೆಗಿನ ಜೊತೆಯಾಟ 171ಕ್ಕೆ ಹೋಗಿ ನಿಂತಿತು. ಇಂಗ್ಲೆಂಡ್ 296. ಭಾರತ ಎರಡನೇ ಸಲ 149ಕ್ಕೆ ಮುಗಿಯಿತು. ಇಂಗ್ಲೆಂಡಿಗೆ ಹತ್ತು ವಿಕೆಟ್ ಗೆಲುವು.

ಭಾರತದ ಅಭಿಮಾನಿಯ ಲೆಕ್ಕ ಸರಳ: ಆ ಒಂದು ವಿಕೆಟ್ಟು ಬಿಟ್ಟುಕೊಟ್ಟಿದ್ದಕ್ಕೆ ಪಂದ್ಯ ಹೋಯಿತು. ಹೋಯಿತೆಂದು ನನಗೇನೂ ಅನ್ನಿಸುವುದಿಲ್ಲ. ಬೋಥಮ್ ಆ ಪಂದ್ಯದಲ್ಲಿ 114 ರನ್ ಹೊಡೆದು 13 ವಿಕೆಟ್ ಕಿತ್ತರು, ಪುರುಷರ ಕ್ರಿಕೆಟ್‌ನಲ್ಲಿ ಒಂದೇ ಟೆಸ್ಟಿನಲ್ಲಿ ಶತಕವನ್ನೂ ಹತ್ತು ವಿಕೆಟ್ಟನ್ನೂ ಪಡೆದ ಮೊದಲಿಗ. ನಮ್ಮವರು 149ಕ್ಕೆ ಉರುಳಿದ್ದರಲ್ಲಿ ಟೇಲರ್ ಬ್ಯಾಟಿನದೇನೂ ತಪ್ಪಿಲ್ಲ. (ಗ್ಲೌಸಿನದು ಸ್ವಲ್ಪ ಇತ್ತು ಅನ್ನಿ, ಆ ಪಂದ್ಯದಲ್ಲಿ ಅವರು ಹಿಡಿದ ಕ್ಯಾಚು ಹತ್ತು. ಆಗ ಅದು ವಿಶ್ವದಾಖಲೆ.) ಆದರೆ ಈ ಸಮಾಧಾನ ಅಗ್ಗದ್ದು. ಆ ವಿಕೆಟ್ಟಿನಿಂದಲೇ ಪಂದ್ಯ ಹೋಗಿದ್ದರೂ ವಿಶ್ವನಾಥ್ ಮಾಡಿದ್ದು ಸರಿಯೇ ಎಂದು ಹೇಳಲು ಬರಬೇಕು. ಅಲ್ಲಿ ನಾಲಗೆ ಸ್ವಲ್ಪ ತಡವರಿಸುತ್ತದೆ.

ಯಾಕೆಂದರೆ ಇದರೊಳಗೆ ಒಂದು ಗಟ್ಟಿ ಪ್ರಶ್ನೆ ಇದೆ. ತನ್ನ ಬ್ಯಾಟಿಗೆ ತಾಗಿದೆ ಎಂದು ಆಟಗಾರ ತಾನಾಗಿ ಹೊರನಡೆದರೆ ಅವನು ಬಿಟ್ಟುಕೊಟ್ಟದ್ದು ತನ್ನ ಸ್ವಂತದ್ದು. ಇಲ್ಲಿ ಹಾಗಲ್ಲ. ಎಸೆದವರು ಕಪಿಲ್, ಹಿಡಿದವರು ಕಿರ್ಮಾನಿ, ಕೊಟ್ಟವರು ಅಂಪೈರ್, ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ ಕೂತಿದ್ದವರು ಲಕ್ಷಾಂತರ. ಇವರೆಲ್ಲರ ಪಾಲನ್ನು ಒಬ್ಬ ದಾನ ಮಾಡಬಹುದೇ? ಊರವರ ಗಂಟಿನಿಂದ ಧರ್ಮ ಮಾಡಿ ತಾನು ಪುಣ್ಯ ಕಟ್ಟಿಕೊಂಡಂತೆ ಆಗಲಿಲ್ಲವೇ?

ಬಹಳ ಸಲ ಇದನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಬಸ್ಸಿನಲ್ಲಿ ಕಂಡಕ್ಟರ್ ಲೆಕ್ಕ ತಪ್ಪಿ ಐವತ್ತು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟ ಎನ್ನಿ. ಮನೆಮಂದಿಯೆಲ್ಲ ಜತೆಗಿದ್ದಾರೆ, ಮಕ್ಕಳು ಆಗಲೇ ಅದರಲ್ಲಿ ಐಸ್‌ಕ್ರೀಮಿನ ಲೆಕ್ಕ ಹಾಕುತ್ತಿದ್ದಾರೆ. ಅಪ್ಪ ವಾಪಸು ಕೊಡುತ್ತಾನೆ. ಮಕ್ಕಳ ಪಾಲನ್ನು ಅವನು ಕಿತ್ತುಕೊಂಡನೇ? ಆ ಐವತ್ತರಲ್ಲಿ ಮಕ್ಕಳ ಪಾಲು ಇರಲೇ ಇಲ್ಲ. ಟೇಲರ್ ವಿಕೆಟ್ಟೂ ಹಾಗೆಯೇ. ಅದು ಭಾರತ ಗಳಿಸಿದ್ದಲ್ಲ, ತಪ್ಪಿ ಬಂದು ಕೈಸೇರಿದ್ದು. ವಿಶ್ವನಾಥ್ ಅವರದ್ದನ್ನು ನಾನು ದೊಡ್ಡ ಮನಸ್ಸು ಅನ್ನುವುದಿಲ್ಲ, ಸರಿಯಾದ ಲೆಕ್ಕ ಅನ್ನುತ್ತೇನೆ. ದಾನ ಎಂದ ಕೂಡಲೇ ಉಳಿದವರಿಗೆಲ್ಲ ಅದು ಐಚ್ಛಿಕವಾಗಿಬಿಡುತ್ತದೆ, ಮಾಡಿದರೆ ಉಂಟು, ಬಿಟ್ಟರೆ ಇಲ್ಲ.

ಈ ಪ್ರಸಂಗದಲ್ಲಿ ನಾಯಕನಿಗೆ ನಾಲ್ಕು ದಶಕದಿಂದ ಹಾರ ಬೀಳುತ್ತಿದೆ, ಬೀಳಲಿ. ಹನುಮಂತರಾವ್ ಅವರ ಹೆಸರು ಮಾತ್ರ ತಪ್ಪು ಬೆರಳೆತ್ತಿದವರು ಎಂದಷ್ಟೇ ಉಳಿದಿದೆ. ಅವರೂ ಬೆಂಗಳೂರಿನವರು, ನಮ್ಮವರೇ. ನಾಯಕ ಅಪೀಲು ಹಿಂದಕ್ಕೆ ಪಡೆದರೂ ಅದಕ್ಕೆ ಅಂಪೈರ್ ಒಪ್ಪಬೇಕು, ನಿಯಮ ಇರುವುದೇ ಹಾಗೆ. ತುಂಬಿದ ಮೈದಾನದ ಎದುರು ಎತ್ತಿದ ಬೆರಳನ್ನು ಇಳಿಸುವುದು, ನಾನು ನೋಡಿದ್ದು ತಪ್ಪಿತ್ತು ಎಂದು ಒಪ್ಪುವುದು, ಸಿಕ್ಕ ವಿಕೆಟ್ಟು ಬಿಡುವುದಕ್ಕಿಂತ ಸುಲಭವೇನಲ್ಲ. ನನ್ನದೇ ಅಂತಿಮ, ಹೋಗಿ ನಿಮ್ಮ ಜಾಗದಲ್ಲಿ ನಿಲ್ಲಿ ಎಂದಿದ್ದರೆ ಕೇಳುವವರು ಯಾರಿದ್ದರು? ಆಗ ಥರ್ಡ್ ಅಂಪೈರ್ ಇರಲಿಲ್ಲ, ನಿಧಾನಗತಿಯಲ್ಲಿ ತಿರುಗಿಸಿ ತೋರಿಸಲು ದೊಡ್ಡ ಪರದೆಯೂ ಇರಲಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬನ ಮಾತು ನಂಬಿದ, ಅಷ್ಟೆ.

ಪ್ಯಾರಿಸ್ಸಿನಲ್ಲಿ ಇದು ನಡೆಯುವಂತಿರಲಿಲ್ಲ. ಜಿಮ್ನಾಸ್ಟಿಕ್ಸಿನ ವ್ಯವಸ್ಥೆಯೇ ಬೇರೆ. ಕಸರತ್ತಿನ ಕಠಿಣತೆಗೆ ಒಂದು ಅಂಕ, ಮಾಡಿದ ರೀತಿಗೆ ಇನ್ನೊಂದು. ಎರಡನೆಯದು ಹತ್ತರಿಂದ ಶುರುವಾಗಿ ತಪ್ಪಿಗೊಂದಿಷ್ಟು ಕಳೆಯುತ್ತಾ ಹೋಗುತ್ತದೆ. ಕಠಿಣತೆಯ ಅಂಕವನ್ನು ಕೋಚ್ ಪ್ರಶ್ನಿಸಬಹುದು, ಅದೂ ಗಡುವಿನೊಳಗೆ ಬಾಯಿಮಾತಿನಲ್ಲಿ, ಆಮೇಲೆ ಬರವಣಿಗೆಯಲ್ಲಿ. ಮಾಡಿದ ರೀತಿಯ ಅಂಕವನ್ನು ಯಾರೂ ಪ್ರಶ್ನಿಸುವಂತಿಲ್ಲ. ಇದರಲ್ಲಿ ನನ್ನ ಅಂಕ ಹೆಚ್ಚಾಯಿತು, ಕಡಿಮೆ ಮಾಡಿ ಎಂದು ಕೇಳುವ ಕಿಟಕಿ ಎಲ್ಲೂ ಇಲ್ಲ. ಕೇಳುವವರು ಬಂದಾರೆಂದು ನಿಯಮ ಬರೆದವರಿಗೆ ಹೊಳೆದಿರಲಾರದು.

ಅಭಿಮಾನಿಗಳ ಗದ್ದಲಕ್ಕೂ ಒಂದು ಕೆಲಸ ಇದೆ ಎಂಬುದನ್ನು ಅಲ್ಲಗಳೆಯಲಾರೆ. 2011ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಭಾರತದ ವಿರುದ್ಧ ಆಡುತ್ತಿದ್ದ ಇಂಗ್ಲೆಂಡಿನ ಇಯಾನ್ ಬೆಲ್ ಚೆಂಡು ಬೌಂಡರಿ ದಾಟಿತೆಂದು ಭಾವಿಸಿ, ಚಹಾ ವಿರಾಮವೆಂದು ಕ್ರೀಸ್ ಬಿಟ್ಟು ನಡೆದಾಗ ರನೌಟ್ ಆದರು. ನಿಯಮದ ಪ್ರಕಾರ ಔಟೇ. ಪ್ರೇಕ್ಷಕರು ಹೋ ಎಂದು ಕೂಗಿದರು. ವಿರಾಮದಲ್ಲಿ ಧೋನಿ ತಂಡ ಅಪೀಲು ಹಿಂದಕ್ಕೆ ಪಡೆಯಿತು, ಬೆಲ್ ಮರಳಿ ಬಂದಾಗ ಕೂಗಿದ್ದ ಬಾಯಿಗಳೇ ಚಪ್ಪಾಳೆಗೆ ತಿರುಗಿದವು. ಒಳ್ಳೆಯ ಕತೆ. ಆದರೂ ಎರಡನ್ನೂ ಪಕ್ಕದಲ್ಲಿಟ್ಟರೆ ನನ್ನ ಮನಸ್ಸು ಭದ್ರಾವತಿಯ ಕಡೆಗೇ ವಾಲುತ್ತದೆ. ಧೋನಿಗೆ ಯೋಚಿಸಲು ವಿರಾಮವಿತ್ತು, ಎದುರು ತಂಡದವರು ಬಂದು ಕೇಳಿಕೊಂಡಿದ್ದರು. ವಿಶ್ವನಾಥ್‌ಗೆ ಇದ್ದದ್ದು ಸ್ಲಿಪ್ಪಿನಿಂದ ಅಂಪೈರ್‌ವರೆಗಿನ ನಡಿಗೆಯಷ್ಟು ಹೊತ್ತು. ಆ ಪಂದ್ಯದ ನಂತರ ಅವರು ಮತ್ತೆ ಟೆಸ್ಟ್‌ನಲ್ಲಿ ಭಾರತದ ನಾಯಕರಾಗಲಿಲ್ಲ. ಕಾರಣ ಅದೇ ಎಂದು ಹೇಳಲು ಯಾವ ಆಧಾರವೂ ಇಲ್ಲ, ಗಾವಸ್ಕರ್ ನಾಯಕತ್ವಕ್ಕೆ ವಾಪಸು ಬಂದರು ಅಷ್ಟೆ. ಎಷ್ಟೋ ವರ್ಷಗಳ ಮೇಲೆ ವಿಶ್ವನಾಥ್ ಅಂತರರಾಷ್ಟ್ರೀಯ ಪಂದ್ಯಗಳ ಮ್ಯಾಚ್ ರೆಫರಿ ಆದರು. ಆ ಕೆಲಸಕ್ಕೆ ಅವರ ಅರ್ಹತೆ ಏನೆಂದು ಯಾರೂ ಕೇಳಿರಲಿಕ್ಕಿಲ್ಲ.

ಗೋಪಾಳದ ಖಾಲಿ ಸೈಟಿನಲ್ಲಿ ಸಂಜೆ ಟೆನ್ನಿಸ್ ಬಾಲ್ ಆಡುವ ಹುಡುಗರಿಗೆ ಇಂದಿಗೂ ಅಂಪೈರ್ ಎಂದರೆ ಬ್ಯಾಟಿಂಗ್ ಟೀಮಿನಲ್ಲಿ ಔಟಾಗಿ ಕೂತವನು. ನಿಷ್ಪಕ್ಷಪಾತದ ಆಸೆಯನ್ನು ಅವರು ಮೊದಲೇ ಬಿಟ್ಟುಕೊಟ್ಟಿದ್ದಾರೆ. ಥರ್ಡ್ ಅಂಪೈರ್ ಬದಲಿಗೆ "ದೇವ್ರಾಣೆ" ಇದೆ. ಮೊನ್ನೆ ಹೀಗೇ ಒಂದು ಕೀಪರ್ ಕ್ಯಾಚು. ಬೌಲರ್ ಕಿರುಚುತ್ತಿದ್ದಾನೆ, ಬ್ಯಾಟ್ಸ್‌ಮನ್ ಗಂಟಲು ಮುಟ್ಟಿಕೊಂಡು ಆಣೆ ಹಾಕುತ್ತಿದ್ದಾನೆ, ಅಂಪೈರ್ ಹುಡುಗ ಹೆದರಿ ಔಟ್ ಕೊಟ್ಟೇಬಿಟ್ಟ. ಕ್ಯಾಚು ಹಿಡಿದ ಕೀಪರೇ ಚೆಂಡನ್ನು ಚಡ್ಡಿಗೆ ಒರೆಸುತ್ತಾ, "ತಾಗಿಲ್ಲ ಬಿಡ್ರೋ" ಎಂದ. ಒಂದು ಕ್ಷಣ ಎಲ್ಲರೂ ಅವನ ಮುಖ ನೋಡಿದರು. ಬೌಲರ್ ಕೇಳಿದ: "ನೀನ್ ಯಾವ್ ಟೀಮೋ?" ಕೀಪರ್ ಏನೂ ಹೇಳಲಿಲ್ಲ. ಅವನನ್ನು ಆ ಓವರಿನಲ್ಲೇ ವಿಕೆಟ್ಟಿನ ಹಿಂದಿನಿಂದ ಎಬ್ಬಿಸಿ ಚರಂಡಿ ಪಕ್ಕದ ಬೌಂಡರಿಗೆ ಅಟ್ಟಿದರು. ಮರುದಿನ ಆಟಕ್ಕೆ ಮೊದಲು ಕರೆ ಹೋದದ್ದೂ ಅವನ ಮನೆಗೇ. ಬ್ಯಾಟು ಅವನದ್ದು.