ಗೋಡೆಯ ಈ ಬದಿ

‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬ ಗಾದೆಯನ್ನು ನಾನು ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಆಡಿದಾಗಲೆಲ್ಲ ದೊಡ್ಡ ತಿಳಿವಳಿಕೆಯ ಮಾತು ಹೇಳಿದ ಸಮಾಧಾನ. ಗಾದೆಯ ತಪ್ಪೇನಿಲ್ಲ, ಅದು ಜಗಳದ ಮಾತು. ಜಗಳಕ್ಕೆ ಎರಡು ಬಾಯಿ ಬೇಕು. ನಾವು ಜಗಳವೆಂದು ಕರೆಯುವುದರಲ್ಲಿ ಎಷ್ಟೋ ಸಲ ಇರುವುದು ಒಂದೇ ಬಾಯಿ, ಒಂದೇ ಕೈ.

ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೆ ಬಹಳ ವರ್ಷ ಒಂದು ವಠಾರದಲ್ಲಿದ್ದೆವು. ಶೇಂಗಾ ಎಣ್ಣೆ ಮಿಲ್ಲುಗಳ ಊರು. ಒಗೆದು ಹರವಿದ ಬಟ್ಟೆಗೂ ಹಿಂಡಿಯ ವಾಸನೆ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಅವರ ಒಗ್ಗರಣೆ ಸಿಡಿದರೆ ನನಗೆ ಕೇಳಿಸುತ್ತಿತ್ತು. ಅಂದ ಮೇಲೆ ಉಳಿದದ್ದೂ ಕೇಳಿಸುತ್ತಿತ್ತು. ಮೊದಲು ಪಾತ್ರೆ ಬೀಳುವ ಸದ್ದು, ಆಮೇಲೆ ಆತನ ದನಿ, ಆಮೇಲೆ ಆ ಇನ್ನೊಂದು ಸದ್ದು. ಆಕೆಯ ದನಿ ಮಾತ್ರ ಇಲ್ಲ. ನಾನು ಎದ್ದು ಟೀವಿಯ ದನಿ ಏರಿಸುತ್ತಿದ್ದೆ. ನಮ್ಮತ್ತೆ, ಒಳ್ಳೆಯವರೇ ಪಾಪ, ‘ನಮಗ್ಯಾಕವ್ವ ಅವರ ಮನೆ ವಿಷ್ಯ’ ಎನ್ನುವರು.

ಬೆಳಿಗ್ಗೆ ಆಕೆ ಹೆಪ್ಪಿಗೆಂದು ಮಜ್ಜಿಗೆ ಕೇಳಲು ಬರುವಳು. ‘ಬಚ್ಚಲಲ್ಲಿ ಜಾರಿದೆ ಅಕ್ಕಾ.’ ‘ಹುಷಾರು ಕಣೇ, ಪಾಚಿ ಕಟ್ಟಿರುತ್ತೆ.’ ಹೀಗೆ ಒಂದು ಸುಳ್ಳನ್ನು ಇಬ್ಬರೂ ಸೇರಿ ಜೋಪಾನ ಮಾಡಿದೆವು. ಆಕೆಯ ಮರ್ಯಾದೆ ಕಾಯುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಅದೇ ಬಚ್ಚಲಲ್ಲಿ ಆ ಮನೆಯ ಬೇರೆ ಯಾರೂ ಯಾಕೆ ಜಾರುವುದಿಲ್ಲ ಎಂದು ಕೇಳಲಿಲ್ಲ.

ಎರಡನೇ ಕ್ಲಾಸಿನಲ್ಲಿದ್ದ ಆಕೆಯ ಮಗ ಒಂದು ದಿನ ನಮ್ಮ ಮನೆಗೆ ಬಂದವನು ನಡುಗೋಡೆಯನ್ನು ಬೆರಳಿನಿಂದ ಕುಟ್ಟಿ ಕುಟ್ಟಿ ನೋಡುತ್ತಿದ್ದ. ಏನೋ ಮರಿ ಎಂದೆ. ‘ದೊಡ್ಡಮ್ಮಾ, ನಿಮ್ಮನೆ ಕಡೆ ಗೋಡೆ ದಪ್ಪ ಐತಾ?’ ಎಂದ.

ಚಕ್ಕುಲಿ ಕೊಟ್ಟು ಕಳಿಸಿದೆ.

ಆ ಬೇಸಿಗೆಯಲ್ಲಿ ಮೊಳಕಾಲ್ಮೂರಿಗೆ, ನಮ್ಮಕ್ಕನ ಮನೆಗೆ ಹೋಗಿದ್ದೆ. ನೇಕಾರರ ಬೀದಿ. ಗಂಡ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಲಾಳಿ ಆಡಿಸಿದರೆ ಹೆಂಡತಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತಿ ಕೊಡಬೇಕು. ರೇಷ್ಮೆ ಸೀರೆಯ ಕೂಲಿ ನೇಯ್ದವನ ಕೈಗೆ. ಸುತ್ತಿದ ಕೈಗೆ ಬೇರೆ ಲೆಕ್ಕವಿಲ್ಲ. ಹೊಡೆಸಿಕೊಂಡವಳು ಬಿಟ್ಟು ಬರಬಾರದಿತ್ತೇ ಎಂದು ಸುಲಭವಾಗಿ ಕೇಳುತ್ತೇವಲ್ಲ, ನೀವೇ ಹೇಳಿ, ಬಸ್ ಚಾರ್ಜಿಗೂ ಅವನನ್ನೇ ಕೇಳಬೇಕಾದವಳು ಎಲ್ಲಿಗೆ ಬರಬೇಕು? ತವರಿಗೆ ಬಂದರೆ ಅಲ್ಲಿ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ಇನ್ನೊಂದು ಗಾದೆ ಕಾದು ಕೂತಿರುತ್ತದೆ.

ಆ ಬೀದಿಯಲ್ಲಿ ಒಬ್ಬ ಅಜ್ಜಿ. ಯಾವ ಮನೆಯಲ್ಲಾದರೂ ಮಗ್ಗದ ಸದ್ದು ನಿಂತು ಬೇರೆ ಸದ್ದು ಎದ್ದರೆ ಬಟ್ಟಲು ಹಿಡಿದು ಹೋಗಿ ಬಾಗಿಲು ಬಡಿಯುವಳು. ‘ಒಂದೀಟು ಉಪ್ಪು ಕೊಡವ್ವ.’ ಬುದ್ಧಿ ಹೇಳುವುದಿಲ್ಲ, ಪಂಚಾಯ್ತಿ ಮಾಡುವುದಿಲ್ಲ. ಉಪ್ಪು ಇಸಕೊಂಡು ಅಲ್ಲೇ ಜಗುಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂರುವಳು. ನಾನು ಕಂಡ ದಿನ ಆತನ ಕೈ ನಿಂತಿತು. ‘ನೀನು ಎದ್ದು ಬಂದ ಮೇಲೆ ಏನಜ್ಜಿ?’ ಎಂದು ಕೇಳಿದೆ.

‘ಮತ್ತೆ ಉಪ್ಪು ಮುಗೀತೈತೆ.’

ಎಷ್ಟೋ ವರ್ಷಗಳ ಮೇಲೆ, 2008ರಲ್ಲಿ, ‘ಬೆಲ್ ಬಜಾವೋ’ ಜಾಹೀರಾತುಗಳು ಬಂದವು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ ಹೋಗಿ ಬೆಲ್ ಒತ್ತಿ, ಹಾಲೋ ಚೆಂಡೋ ಏನಾದರೂ ಕೇಳಿ ಎಂದು. ಅಜ್ಜಿಯ ಬಟ್ಟಲು ನೆನಪಾಯಿತು. ಅಷ್ಟರಲ್ಲಿ ಕಾನೂನೂ ಬಂದಿತ್ತು. 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರಿನಿಂದ ಜಾರಿಯಾದ ಕೌಟುಂಬಿಕ ಹಿಂಸೆ ತಡೆಯುವ ಕಾಯ್ದೆಯಲ್ಲಿ ಪಕ್ಕದ ಮನೆಯವರಿಗೂ ಜಾಗವಿದೆ: ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರುವಂತಿಲ್ಲ. ಮನೆ ಯಾರ ಹೆಸರಿನಲ್ಲಿದ್ದರೂ ಕಾನೂನಿನ ಕ್ರಮವಿಲ್ಲದೆ ಆಕೆಯನ್ನು ಹೊರಗೆ ಹಾಕುವಂತಿಲ್ಲ. 181ಕ್ಕೆ ಫೋನ್ ಮಾಡಬಹುದು.

ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಕಂಡೆವೆಂದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಹಾಗೆಂದವರು 21ರಷ್ಟು. ಹೊಡೆಯುವವರು ಹೆಚ್ಚಿದರೋ, ಹೇಳುವವರು ಹೆಚ್ಚಿದರೋ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಅಂಕಿ. ಯಾವುದೋ ಒಂದು ಕಾರಣಕ್ಕೆ ಗಂಡ ಹೊಡೆದರೆ ಸರಿಯೇ ಎಂದ ಹೆಂಗಸರು ಮುಕ್ಕಾಲು ಪಾಲಿಗೂ ಹೆಚ್ಚು. ಅಲ್ಲಿ ನಮ್ಮತ್ತೆಯೂ ಇದ್ದಾರೆ, ಟೀವಿಯ ದನಿ ಏರಿಸಿದ ನಾನೂ ಇದ್ದೇನೆ.

ಅವಳೇ ಸುಮ್ಮನಿರುವಾಗ ನಾನು ಬಾಯಿ ಹಾಕುವುದು ನ್ಯಾಯವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಲಾರೆ. ನನ್ನ ಮಾತಿನ ಪೆಟ್ಟು ಬೀಳುವುದು ಅವಳ ಮೈಮೇಲೆ. ಗಂಡನನ್ನು ಬಿಡು ಎನ್ನಲು ನಾನ್ಯಾರು? ಆದರೆ ಸುಳ್ಳಿಗೆ ಜೊತೆಯಾಗಲೂ ನಾನ್ಯಾರು?

ಊರಿಂದ ಬಂದ ಮೇಲೆ ಒಂದು ಬೆಳಿಗ್ಗೆ ಆಕೆ ಬಚ್ಚಲಿನ ಮಾತೆತ್ತಿದಳು. ‘ಯಾವುದ್ರಲ್ಲಿ ಹೊಡೆದ?’ ಎಂದೆ.

ಬಟ್ಟಲು ಕೆಳಗಿಟ್ಟಳು. ‘ನಿಮಗೆ ಕೇಳಿಸ್ತಿತ್ತಾ ಅಕ್ಕಾ?’

‘ಹ್ಞೂ. ನಾಲ್ಕು ವರ್ಷದಿಂದ.’

ಅವಳು ಅತ್ತದ್ದು ಆಗ. ಆ ಅಳುವಿನಲ್ಲಿ ನನ್ನ ಮೇಲಿನ ಸಿಟ್ಟೂ ಇತ್ತು. ಇರಬೇಕಾದದ್ದೇ.

ಅದಾದ ಮೂರನೆಯ ರಾತ್ರಿ ಪಾತ್ರೆ ಬಿದ್ದ ಸದ್ದಾಯಿತು. ನಾನು ಬಟ್ಟಲು ಹಿಡಿದು ಹೋದೆ. ಬಾಗಿಲು ತೆರೆದವನು ಆತನೇ. ಉಪ್ಪು ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು.