ಎರಡನೆಯ ತೆಗ್ಗು

ಕಲಘಟಗಿ ತಾಲೂಕಿನ ದೇವಿಕೊಪ್ಪದಲ್ಲಿ ನನ್ನ ಸೋದರಮಾವನ ಹೊಲವಿದೆ. ಅದರ ಸಮೀಪದಲ್ಲಿ ಕಟ್ಟಡಗಳ ಯೋಜನೆಯೊಂದು ಬರಲಿದೆಯೆಂಬ ಸುದ್ದಿ ಹಬ್ಬಿದ ಮೇಲೆ, ಒಂದು ಮುಂಜಾನೆ ಇಬ್ಬರು ತರುಣರು ಗುದ್ದಲಿ, ಬಟ್ಟೆಯ ಚೀಲಗಳೊಡನೆ ಬಂದರು. ಅಂದು ನಾನೂ ಅಲ್ಲಿದ್ದೆ. ಅವರು ಹೊಲದ ಹಲವು ಕಡೆ ಅರ್ಧ ಅಡಿ ಆಳದ ಇಳಿಜಾರು ತೆಗ್ಗು ತೋಡಿ, ಅದರ ಬದಿಯನ್ನು ಮೇಲಿನಿಂದ ಕೆಳಗಿನ ತನಕ ತೆಳ್ಳಗೆ ಕೆರೆದರು. ಬಂದ ಮಣ್ಣನ್ನೆಲ್ಲ ಕೂಡಿಸಿ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಚೆಲ್ಲಿದರು. ಉಳಿದದ್ದನ್ನು ಮತ್ತೆ ಹಾಗೆಯೇ ಪಾಲು ಮಾಡುತ್ತ, ಕೊನೆಗೆ ಅರ್ಧ ಕಿಲೋದಷ್ಟನ್ನು ಚೀಲಕ್ಕೆ ತುಂಬಿ ಚೀಟಿ ಕಟ್ಟಿದರು.

“ಇದು ಯಾಕ, ತಮ್ಮಾ?” ಎಂದು ಮಾವ ಕೇಳಿದರು.

“ಕಟ್ಟೋದಕ್ಕಿಂತ ಮೊದಲ ಮಣ್ಣು ಹೆಂಗಿತ್ತು ಅಂತ ಬರದಿಡಾಕ್ರೀ, ಅಜ್ಜಾರ.”

“ಬರದಿಡ್ರಿ, ಛಲೋ ಆತು. ಆದರ ಕಟ್ಟಿದ ಮ್ಯಾಲೆ ಮತ್ತ ಬಂದು ತೆಗ್ಗು ತೋಡತೀರೇನು?”

ತರುಣ ನಕ್ಕ. ಆ ನಗೆಯಲ್ಲಿ ಕುಹಕವಿರಲಿಲ್ಲ, ಉತ್ತರವೂ ಇರಲಿಲ್ಲ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಪ್ರಯೋಗಶಾಲೆಯವರು ಮಣ್ಣಿನ ಆಮ್ಲ-ಕ್ಷಾರ ಗುಣ, ಲವಣ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಶ್‌ಗಳನ್ನು ಅಳೆದು ಕೊಡುತ್ತಾರೆ. ಆದರೆ ಒಂದು ಅಂಕಿಯಿಂದ ಮಾತ್ರವೇ ಯಾವ ಬದಲಾವಣೆಯೂ ತಿಳಿಯದು. ಮುಂದೊಂದು ದಿನ ಅದೇ ಜಾಗದಲ್ಲಿ ಇನ್ನೊಂದು ಅಂಕಿ ದೊರೆತಾಗಲೇ ಮೊದಲಿನದಕ್ಕೆ ಅರ್ಥ ಬರುವುದು. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ 1842ರಲ್ಲಿ ತನ್ನ ಮನೆಯ ಹತ್ತಿರದ ಹೊಲವೊಂದರ ಮೇಲೆ ಸುಣ್ಣಕಲ್ಲಿನ ಚೂರುಗಳನ್ನು ಹರಡಿಸಿದ. 1871ರಲ್ಲಿ ಅಲ್ಲಿಯೇ ಅಗೆಸಿದಾಗ ಆ ಬಿಳಿಯ ಚೂರುಗಳು ಏಳು ಅಂಗುಲ ಕೆಳಗಿದ್ದವು. ಎರೆಹುಳುಗಳು ಅವುಗಳ ಮೇಲೆ ಅಷ್ಟು ಮಣ್ಣು ತಂದು ಹಾಕಿದ್ದವು. ಹರಡಿ ಮರೆತಿದ್ದರೆ ಅದು ಬರಿಯ ಸುಣ್ಣಕಲ್ಲು. 29 ವರ್ಷಗಳ ಮೇಲೆ ಮರಳಿ ಹೋದುದರಿಂದ ಅದು ಜ್ಞಾನವಾಯಿತು.

ನಮ್ಮ ಸೀಮೆಗೆ ಮಣ್ಣಿನ ಪರೀಕ್ಷೆ ಹೊಸತಲ್ಲ. ಮುಂಬಯಿ ಪ್ರಾಂತದ ಆಡಳಿತದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಮೊದಲಾದವರು ರೂಪಿಸಿದ, 1847ರ ಜಂಟಿ ವರದಿಯಲ್ಲಿ ನೆಲೆಗೊಂಡ ಪದ್ಧತಿಯಂತೆ ಧಾರವಾಡದ ಹೊಲಗಳನ್ನೂ ಅಳೆದರು. ಮಣ್ಣಿನ ಬಣ್ಣ ಮತ್ತು ಆಳ ನೋಡಿ, ಮರಳು, ಇಳಿಜಾರು ಮುಂತಾದ ದೋಷಗಳಿಗೆ ದರ್ಜೆ ಇಳಿಸಿ, ಆಣೆಯ ಲೆಕ್ಕದಲ್ಲಿ ಬೆಲೆ ಕಟ್ಟಿದರು. ಅಂದು ತೋಡಿದ ತೆಗ್ಗು ಕಂದಾಯಕ್ಕಾಗಿ. ಕೇಳುವವರಿಗೆ ಯಾವ ಉತ್ತರ ಬೇಕೋ ಅದೇ ಪ್ರಶ್ನೆಯನ್ನು ಮಣ್ಣಿಗೆ ಹಾಕುತ್ತಾರೆ.

ಮೊದಲಿನ ಸ್ಥಿತಿಯ ಬಗೆಗೆ ಎರಡು ಪಕ್ಷಗಳಿಗೆ ಒಮ್ಮತವಿಲ್ಲದಿದ್ದರೆ ಏನಾಗುವುದೆಂಬುದನ್ನು ನವಲಗುಂದ ಕಂಡಿದೆ. ಮಲಪ್ರಭೆಯ ಕಾಲುವೆ ಬಂದುದರಿಂದ ಭೂಮಿ ಸುಧಾರಿಸಿದೆ, ಆದ್ದರಿಂದ ಬೆಟರ್‌ಮೆಂಟ್ ಲೆವಿ ಕೊಡಿ ಎಂದು ಸರಕಾರ ಕೇಳಿತು. ನೀರು ಸರಿಯಾಗಿ ತಲುಪಿಲ್ಲ, ಬೆಳೆಗೆ ಬೆಲೆಯಿಲ್ಲ, ಸುಧಾರಣೆ ಎಲ್ಲಿದೆ ಎಂದು ರೈತರು ಕೇಳಿದರು. ಅಚ್ಚುಕಟ್ಟಿನ ಎರೆಭೂಮಿಯಲ್ಲಿ ಎಷ್ಟೋ ಕಡೆ ಸವಳು, ಜವುಳೂ ಕಾಣಿಸಿಕೊಂಡಿವೆ. ಆ ಚಳವಳಿ 1980ರ ಜುಲೈ 21ರಂದು ಗೋಲಿಬಾರಿಗೆ ತಿರುಗಿ ರೈತರು ಮಡಿದರು. ಅದಕ್ಕೆ ಕಾರಣಗಳು ಹಲವು. ಆದರೆ ‘ಸುಧಾರಿಸಿತು’ ಎಂಬ ಮಾತನ್ನು ಒಂದೇ ಪಕ್ಷ ನಿರ್ಧರಿಸಿ, ಅದರ ಬೆಲೆಯನ್ನು ಇನ್ನೊಂದು ಪಕ್ಷ ತೆರಬೇಕಾದದ್ದು ಅವುಗಳಲ್ಲಿ ಚಿಕ್ಕದೇನಲ್ಲ.

ಈಗ ಕಾಯಿದೆ ಇದೆ. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯಂತೆ, ಅದಕ್ಕೆ ಒಳಪಡುವ ದೊಡ್ಡ ಯೋಜನೆಗಳು ಪರಿಸರದ ಅನುಮತಿ ಪಡೆಯಬೇಕು. ಪರಿಣಾಮಗಳ ಅಧ್ಯಯನ ನಡೆಯುವಲ್ಲಿ ಗಾಳಿ, ನೀರು, ಮಣ್ಣುಗಳ ಮೂಲಸ್ಥಿತಿಯನ್ನು ದಾಖಲೆ ಮಾಡಲೇಬೇಕು. ಇದು ಒಳ್ಳೆಯ ನಿಯಮ. ಆದರೆ ಅಧ್ಯಯನ ಮಾಡುವ ಪರಿಣತರನ್ನು ಗೊತ್ತುಮಾಡಿ ಹಣ ಕೊಡುವವರು ಯೋಜನೆಯವರೇ. ಅನುಮತಿಯ ಅನಂತರ ಆರು ತಿಂಗಳಿಗೊಮ್ಮೆ ಷರತ್ತುಗಳ ಪಾಲನೆಯ ವರದಿ ಒಪ್ಪಿಸುವವರೂ ಅವರೇ. ಆದ್ದರಿಂದ ವರದಿಗಳೆಲ್ಲ ಸುಳ್ಳು ಎನ್ನಲಾರೆ. ಆ ತರುಣರ ಪ್ರಾಮಾಣಿಕತೆಯನ್ನು ನಾನೇ ಕಂಡಿದ್ದೇನೆ. ನನ್ನ ಸಂಶಯ ವ್ಯಕ್ತಿಗಳ ಮೇಲಲ್ಲ, ಏರ್ಪಾಟಿನ ಮೇಲೆ. ಸಾಕ್ಷಿ ಎಷ್ಟೇ ಸತ್ಯವಂತನಾದರೂ, ಅವನನ್ನು ಮತ್ತೆ ಕರೆಸುವ ಅಧಿಕಾರ ಪ್ರತಿವಾದಿಯ ಕೈಯಲ್ಲೇ ಇದ್ದರೆ ನ್ಯಾಯ ಸಿಕ್ಕೀತೆ?

ಕಾಂಕ್ರೀಟು ಹಾಕಿದ ಮೇಲೆ ಆ ಮಣ್ಣಿನ ಗುಣ ಯಾರಿಗೆ ಬೇಕು ಎಂದು ಕೇಳುವವರುಂಟು. ಕಟ್ಟಡದ ಕೆಳಗಿನ ಮಣ್ಣಿನ ಮಟ್ಟಿಗೆ ಇದು ನಿಜವಿರಬಹುದು. ಆದರೆ ಹರಿದು ಬರುವ ನೀರಿಗೆ ಹೊಲದ ಬದು ಗೊತ್ತಿಲ್ಲ, ಹಾರಿ ಬರುವ ಧೂಳಿಗೆ ಸರ್ವೆ ನಂಬರು ಗೊತ್ತಿಲ್ಲ. ನೆಲ ಮಾರಿದವನಿಗೆ ಹಣ ಬಂತು, ಕೊಂಡವನಿಗೆ ಕಟ್ಟಡ ಬಂತು. ಮಾರದೆ, ಕೊಳ್ಳದೆ ಪಕ್ಕದಲ್ಲಿ ಉಳಿದವನಿಗೆ ಇರುವ ಆಧಾರ ಆ ಚೀಲದ ಮಣ್ಣೊಂದೇ. ಮೊದಲಿದ್ದುದನ್ನು ಬರೆದಿಡುವವರು ‘ಮುಂದೆ ಕೆಟ್ಟರೆ ಹೊಣೆ ನನ್ನದು’ ಎಂದು ಅವನಿಗೆ ಮಾತು ಕೊಟ್ಟಂತೆಯೇ ಸರಿ. ಆ ಮಾತಿಗೆ ಮನಸ್ಸಿಲ್ಲದಿದ್ದರೆ ಮೊದಲನೆಯ ತೆಗ್ಗು ಅನುಮತಿಯ ಕಾಗದಕ್ಕೆ ಬೇಕಾದ ಒಂದು ಮುದ್ರೆ ಮಾತ್ರ.

ತರುಣರು ಹೋದ ಮೇಲೆ ಮಾವ ಅವರು ಚೆಲ್ಲಿದ ಪಾಲಿನಿಂದ ಒಂದೆರಡು ಬೊಗಸೆ ಮಣ್ಣು ತೆಗೆದು ನೆರಳಿನಲ್ಲಿ ಒಣಗಿಸಿದರು. ಡಬ್ಬಿಯೊಂದಕ್ಕೆ ತುಂಬಿ, ನನ್ನಿಂದ ತಾರೀಖು ಬರೆಯಿಸಿ, ಅಟ್ಟದ ಮೇಲೆ ಇಟ್ಟರು. ಕೋರ್ಟಿನಲ್ಲಿ ಅದು ನಿಲ್ಲುವುದೋ ಇಲ್ಲವೋ, ಅವರು ಕೇಳಲಿಲ್ಲ. “ಅವರು ಬರದಿದ್ದರ ನಾವು ತೋಡೂಣು” ಎಂದಷ್ಟೇ ಅಂದರು.