ಲವಕುಶರು ಬೇಡವೆಂದ ಚಿನ್ನ

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ದೇವರಾಯಸಮುದ್ರದಂಥ ಊರುಗಳಲ್ಲಿ ಮಗುವಿಗೆ ಕಿವಿ ಚುಚ್ಚಿಸುವ ದಿನ ಸೋದರಮಾವ ಬರಿಗೈಯಲ್ಲಿ ಬರುವುದಿಲ್ಲ. ಓಲೆ, ಹೊಸಬಟ್ಟೆ ಅವನೇ ತರಬೇಕು. ಮಗು ಅವನ ತೊಡೆಯ ಮೇಲೇ ಕೂರಬೇಕು. ಅಕ್ಕಸಾಲಿಗ ಹತ್ತಿರ ಬಂದಾಗ ಬಾಯಿಗೆ ಬೆಲ್ಲದ ಚೂರು ಇಟ್ಟು, ತಲೆ ಅಲ್ಲಾಡದಂತೆ ಎದೆಗೊತ್ತಿ ಹಿಡಿಯುವವನೂ ಅವನೇ. ಕೊಟ್ಟ ವಸ್ತು ಕಡಲೆಕಾಳಿನಷ್ಟು, ಕೊಟ್ಟವನು ಮಾತ್ರ ಪೂರ್ತಿಯಾಗಿ ಅಲ್ಲಿದ್ದಾನೆ. ಅದೇ ಮಗುವಿನ ಹುಟ್ಟುಹಬ್ಬಕ್ಕೆ ಬನ್ನಿ. ಬ್ಯಾಟರಿ ಕಾರು ಮೂರು, ಅಡುಗೆ ಸೆಟ್ಟು ಎರಡು, ಕೂಗುವ ಗೊಂಬೆ ಒಂದು. ರಾತ್ರಿ ಬಣ್ಣದ ಕಾಗದ ಬಿಚ್ಚುವಾಗ ಯಾವುದು ಯಾರದ್ದೆಂದು ತಾಯಿಗೂ ನೆನಪಾಗುವುದಿಲ್ಲ. ವಾರ ಕಳೆಯುವುದರೊಳಗೆ ಅರ್ಧ ಮಂಚದ ಕೆಳಗೆ, ಅರ್ಧ ಅಟ್ಟದ ಮೇಲೆ. ನೆಂಟರಿಗೆ ‘ಇಷ್ಟು ಬೇಡ’ ಎನ್ನಬಹುದೇ ಎಂಬುದು ಮನೆ ಓರಣದ ಪ್ರಶ್ನೆಯಂತೆ ಕಾಣುತ್ತದೆ. ನನ್ನ ಮಟ್ಟಿಗೆ ಇದು ಧರ್ಮದ ಪ್ರಶ್ನೆ. ಕೊಡುವವರ ಜೊತೆ ಮೊದಲೇ ಮಾತಾಡುವ ಹಕ್ಕು ಪಡೆಯುವವರಿಗೆ ಇದೆ. ಆ ಮಾತು ಸಹ ದಾನದ ಒಂದು ಅಂಗ.

ಇದೇ ಮುಳಬಾಗಿಲು ತಾಲ್ಲೂಕಿನಲ್ಲಿ ಆವಣಿ ಬೆಟ್ಟವಿದೆ. ವಾಲ್ಮೀಕಿಯ ಆಶ್ರಮ ಇದ್ದದ್ದು ಇಲ್ಲಿ, ಸೀತೆ ಲವಕುಶರನ್ನು ಹೆತ್ತದ್ದೂ ಇಲ್ಲೇ ಎಂದು ಸುತ್ತಲಿನ ಜನ ನಂಬಿಕೊಂಡು ಬಂದಿದ್ದಾರೆ. ಆ ಇಬ್ಬರು ಮಕ್ಕಳಿಗೆ ಬಂದ ಉಡುಗೊರೆಗಳ ಸಂಗತಿ ವಾಲ್ಮೀಕಿ ರಾಮಾಯಣದಲ್ಲಿ ಎರಡು ಕಡೆ ಬರುತ್ತದೆ, ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕು. ಬಾಲಕಾಂಡದಲ್ಲಿ ಅವರ ಹಾಡು ಕೇಳಿ ಮೆಚ್ಚಿದ ಋಷಿಗಳಲ್ಲಿ ಒಬ್ಬರು ನೀರಿನ ಕಲಶ ಕೊಡುತ್ತಾರೆ, ಇನ್ನೊಬ್ಬರು ನಾರುಬಟ್ಟೆ ಕೊಡುತ್ತಾರೆ. ಉತ್ತರಕಾಂಡದಲ್ಲಿ ಅದೇ ಹಾಡು ಕೇಳಿದ ರಾಮ ಹದಿನೆಂಟು ಸಾವಿರ ಹೊನ್ನು ಕೊಡಿಸಲು ಮುಂದಾಗುತ್ತಾನೆ. ಗೆಡ್ಡೆಗೆಣಸು, ಹಣ್ಣು ತಿಂದು ಕಾಡಿನಲ್ಲಿರುವ ನಮಗೆ ಚಿನ್ನ ಏತಕ್ಕೆ ಎಂದು ಮಕ್ಕಳು ಬೇಡವೆನ್ನುತ್ತಾರೆ. ಕೊಡಲು ಬಂದವನು ರಾಜ, ಸ್ವಂತ ತಂದೆ ಕೂಡ. ಅವನೇನೂ ಸಿಟ್ಟಾಗುವುದಿಲ್ಲ, ಬೆರಗಾಗುತ್ತಾನೆ, ಈ ಕಾವ್ಯ ಎಷ್ಟು ದೊಡ್ಡದು, ಬರೆದವರು ಯಾರು ಎಂದು ವಿಚಾರಿಸುತ್ತಾನೆ. ಮುಂದೆ ಹಲವು ದಿನ ಆ ಹಾಡು ಕೇಳುತ್ತಲೇ ಇವರು ಸೀತೆಯ ಮಕ್ಕಳೆಂದು ಅವನಿಗೆ ತಿಳಿಯುವುದು. ಆಶ್ರಮದ ಬದುಕಿಗೆ ಒದಗುವ ಕಲಶವನ್ನು ತೆಗೆದುಕೊಂಡ ಕೈಗಳೇ ಒದಗದ ಹೊನ್ನನ್ನು ಬಿಟ್ಟವು. ಬೇಡವೆಂದದ್ದರಿಂದ ನೆಂಟಸ್ತಿಕೆ ಮುರಿಯಲಿಲ್ಲ, ಬೆಳಕಿಗೆ ಬಂತು.

ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿ ತಾಯಿ, ತಂದೆ, ಗುರು, ಅತಿಥಿಗಳನ್ನು ದೇವರೆಂದು ಕಾಣಲು ಹೇಳಿದ ಸ್ವಲ್ಪದರಲ್ಲೇ ಹೇಗೆ ಕೊಡಬೇಕೆಂದು ತಿಳಿಸುತ್ತದೆ. ಶ್ರದ್ಧೆಯಿಂದ, ಶಕ್ತಿಗೆ ತಕ್ಕಂತೆ, ಸಂಕೋಚದಿಂದ ಎಂದು ಹೇಳಿ ಕೊನೆಗೆ ಸಂವಿದ್ ಎಂಬ ಪದವನ್ನು ಇಡುತ್ತದೆ. ತಿಳಿವಳಿಕೆ, ಪರಸ್ಪರ ಒಪ್ಪಿಗೆ ಎಂಬ ಅರ್ಥಗಳು ಅದಕ್ಕಿವೆ. ಶಂಕರಾಚಾರ್ಯರ ಭಾಷ್ಯ ಅದನ್ನು ಮೈತ್ರಿಗೆ ಹೊಂದಿಸುತ್ತದೆ. ಗೀತೆಯ ಹದಿನೇಳನೆಯ ಅಧ್ಯಾಯವೂ ಸಾತ್ತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರ ನೋಡಬೇಕೆನ್ನುತ್ತದೆ, ಪ್ರತಿಫಲ ನೋಡಬಾರದೆನ್ನುತ್ತದೆ. ಪಡೆಯುವವರ ಬದುಕನ್ನು ಅರಿಯದೆ ಇದಾವುದೂ ಆಗದು. ಕೇಳದೆ, ಹೇಳದೆ ಅರಿಯುವುದು ಹೇಗೆ?

ನಾವು ಮಕ್ಕಳಿಗೆ ಕೊಡುತ್ತಿರುವುದು ಹೆಚ್ಚಾಗಿ ದಾನವಲ್ಲ, ಮುಯ್ಯಿ. ಮದುವೆ ಮನೆಯಲ್ಲಿ ಪುಸ್ತಕ ಹಿಡಿದು ಬರೆಸುವ, ಮುಂದೆ ಅಷ್ಟೇ ತೂಕಕ್ಕೆ ಹಿಂದಿರುಗಿಸುವ ಲೆಕ್ಕ ಅದು. ಕೊಡಲೇಬೇಕು, ಪಡೆಯಲೇಬೇಕು, ತೀರಿಸಲೇಬೇಕು ಎಂಬ ಈ ಮೂರು ಕಟ್ಟುಗಳನ್ನು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ವಿವರಿಸಿದರು. ಸೇಡು ತೀರಿಸಿಕೊಳ್ಳುವುದಕ್ಕೂ ಮುಯ್ಯಿ ಎಂದೇ ಹೇಳುವ ಕನ್ನಡಕ್ಕೆ ಅದು ಮೊದಲೇ ಗೊತ್ತಿತ್ತು. ಮುಯ್ಯಿಯನ್ನು ನಾನು ಹಳಿಯುತ್ತಿಲ್ಲ, ಬಡ ಮನೆಗಳ ಮದುವೆಗಳು ಅದರಿಂದಲೇ ನಡೆದಿವೆ. ಆದರೆ ಅದು ದೊಡ್ಡವರ ನಡುವಿನ ಸಾಲ. ‘ಅವರು ಸಾವಿರದ್ದು ತಂದಿದ್ದರು, ನಾವು ಐನೂರರದ್ದು ಹೇಗೆ ತಗೊಂಡು ಹೋಗೋದು’ ಎಂಬ ಲೆಕ್ಕಕ್ಕೆ ಮಗುವನ್ನು ಗೂಟ ಮಾಡಬಾರದು. ಮಗುವಿಗೂ ಇದರಿಂದ ಲಾಭವಿಲ್ಲ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಪುಟ್ಟ ಮಕ್ಕಳ ಮುಂದೆ ಒಮ್ಮೆ 4, ಇನ್ನೊಮ್ಮೆ 16 ಆಟಿಕೆ ಇಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು.

ಮನೆ ತುಂಬಿರಬೇಕಲ್ಲವೇ, ಬಂದದ್ದನ್ನು ಬೇಡವೆಂದರೆ ಲಕ್ಷ್ಮಿಗೆ ಅವಮಾನವಲ್ಲವೇ ಎಂದು ಹಿರಿಯರು ಕೇಳುತ್ತಾರೆ. ತುಂಬಿದ ಮನೆ ಎಂದು ನಾವು ಹೇಳುವುದು ಜನ ತುಂಬಿದ ಮನೆಗೆ. ಇನ್ನು ತುಂಬುವುದರ ರೀತಿಯನ್ನು ಈ ಸೀಮೆಯ ಕೆರೆಗಳೇ ತೋರಿಸುತ್ತವೆ. ಸಮುದ್ರ ಎಂದು ಕೊನೆಯಾಗುವ ಊರ ಹೆಸರುಗಳು ನಮ್ಮಲ್ಲಿ ಸಾಮಾನ್ಯವಾಗಿ ಕೆರೆಯಿಂದ ಬಂದವು. ಜೀವನದಿಯಿಲ್ಲದ ಕೋಲಾರದಲ್ಲಿ ಪ್ರತಿ ಹನಿಗೂ ಬೆಲೆಯಿದೆ, ಆದರೂ ಕೆರೆ ಕಟ್ಟಿದವರು ಕೋಡಿ ಇಡುವುದನ್ನು ಮರೆಯಲಿಲ್ಲ. ಕೋಡಿ ಇಲ್ಲದ ಕೆರೆಯ ಏರಿ ಒಡೆಯುತ್ತದೆ. ಕೋಡಿ ಹರಿದ ನೀರು ಕೆಳಗಿನ ಕೆರೆಗೆ ಸೇರುತ್ತದೆ. ಜೈನ ಗೃಹಸ್ಥನ ಅಣುವ್ರತಗಳಲ್ಲಿ ಒಂದಾದ ಪರಿಗ್ರಹ ಪರಿಮಾಣವೂ ಇದೇ: ಎಲ್ಲವನ್ನೂ ಬಿಡುವುದಲ್ಲ, ಇಷ್ಟೇ ಎಂದು ತಾನೇ ಅಳತೆ ಹಾಕಿಕೊಳ್ಳುವುದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. ತಾನು ಚಿಕ್ಕವಳಿದ್ದಾಗ ಒಂದು ಗೊಂಬೆಯನ್ನೂ ಕಾಣದ ಅಜ್ಜಿ, ಕೂಲಿಯಲ್ಲಿ ಉಳಿಸಿ ಜಾತ್ರೆಯಿಂದ ಪ್ಲಾಸ್ಟಿಕ್ ಬಸ್ಸು ತಂದರೆ ಅವಳಿಗೆ ಅಪರಿಗ್ರಹ ಬೋಧಿಸುವುದೇ? ಖಂಡಿತ ಕೂಡದು. ಕೈಗೆ ಬಂದದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ಅವಳೆದುರಿಗೇ ಮಗು ಅದನ್ನು ಓಡಿಸಬೇಕು. ಮಾತು ಆಡಬೇಕಾದದ್ದು ತರುವ ಮೊದಲು. ಆಗ ಹಣವಿಲ್ಲದವರಿಗೇ ಅದರಿಂದ ಹೆಚ್ಚು ನೆಮ್ಮದಿ, ಏಕೆಂದರೆ ಮುಯ್ಯಿಯ ಪೈಪೋಟಿಯಲ್ಲಿ ಮೊದಲು ಸೋಲುವವರು ಅವರು. ಹಾಗೆಂದು ಇಂಥದ್ದೇ ತನ್ನಿ ಎಂದು ಪಟ್ಟಿ ಕೊಡುವುದು ನನಗೆ ಒಪ್ಪಿಗೆಯಿಲ್ಲ, ಅದು ಅಂಗಡಿಯ ವ್ಯವಹಾರ. ‘ಆಶೀರ್ವಾದವೇ ಉಡುಗೊರೆ’ ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದೂ ಸಾಲದು. ಅದು ಎಲ್ಲರಿಗೂ ಹೇಳಿದ ಮಾತು, ಯಾರಿಗೂ ಹೇಳಿದ್ದಲ್ಲ.

ಆದ್ದರಿಂದ ಮಗುವಿನ ತಾಯಂದಿರಲ್ಲಿ ನನ್ನದೊಂದು ಕೋರಿಕೆ. ಹಬ್ಬಕ್ಕೆ ಕರೆಯಲು ತವರಿಗೆ ಫೋನ್ ಮಾಡುವಾಗಲೇ ಬಾಯಿಬಿಟ್ಟು ಹೇಳಿ: ‘ಅಣ್ಣಾ, ಪಾಪುಗೆ ಆಟದ ಸಾಮಾನು ಬೇಕಾದಷ್ಟಿದೆ. ನೀನು ಬಂದು ಎರಡು ದಿನ ಇರು, ಅವನ ಕೈಲಿ ಹಿತ್ತಲಲ್ಲಿ ಒಂದು ಮಾವಿನ ಸಸಿ ನೆಡಿಸು.’ ಶ್ರೀನಿವಾಸಪುರದ ಕಡೆಯಿಂದ ತಂದ ಕಸಿ ಗಿಡವಾದರೆ ನಾಲ್ಕೈದು ವರ್ಷಕ್ಕೆ ಕಾಯಿ ಬಿಡುತ್ತದೆ. ಅಷ್ಟರಲ್ಲಿ ಮಗು ಶಾಲೆಗೆ ಹೋಗುತ್ತಿರುತ್ತದೆ.